ಕೆಂಪು ಅಂಕಿ, ಹಸಿರು ಅಂಕಿ

ಅವತ್ತು ಕಾಟಾ ಖೋಲಿಯೊಳಗೆ ನಾವು ಮೂರು ಮಂದಿ ಇದ್ದೆವು. ಹೊರಗೆ ಜೀಪಿನಲ್ಲಿ ಕೂತಿದ್ದ ಡ್ರೈವರನನ್ನೂ ಹಿಡಿದರೆ ನಾಲ್ಕು. ಕಿಟಕಿಯ ಬಾಜೂ ಸ್ಟೂಲಿನ ಮೇಲೆ ನಾನು. ಅಷ್ಟೊತ್ತಿಗೆ ಇಪ್ಪತ್ತೆರಡು ವರ್ಷ ಅದೇ ಸ್ಟೂಲಿನ ಮೇಲೆ ಕೂತು ಕಬ್ಬಿನ ಗಾಡಿ ತೂಗಿದ್ದೆ. ಬಾಗಿಲಿಗೆ ಆನಿಕೊಂಡು ನಮ್ಮ ಸಕ್ಕರೆ ಕಾರ್ಖಾನೆಯ ಮ್ಯಾನೇಜರ್ ಸಾಹೇಬರು. ಮೂರನೆಯವರು ಮೇಜಿನ ಕೆಳಗೆ ಅರ್ಧ ದೇಹ ತೂರಿಸಿ, ಎರಡು ಕಾಲು ಮಾತ್ರ ಹೊರಗೆ ಬಿಟ್ಟುಕೊಂಡು ನೆಲದ ಮೇಲೆ ಮಲಗಿದ್ದರು. ಅವರ ಪರಿಚಯ ನನಗೆ ಆದದ್ದು ಹೀಗೆ, ಕಾಲಿನ ಕಡೆಯಿಂದ.

"ಏನ್ರೀ, ಇನ್ನೂ ಎಷ್ಟೊತ್ತು?" ಅಂದರು ಮ್ಯಾನೇಜರ್ ಸಾಹೇಬರು.

ಮೇಜಿನ ಕೆಳಗಿಂದ ದನಿ ಬಂತು. "ಸಾಹೇಬ್ರ, ಈ ತಂತಿ ಹಾಕಿದವರು ಯಾರ್ರಿ?"

"ಯಾರೋ ಹಳಬರು. ಈಗಿಲ್ಲ."

"ಭಾಳ ಛಲೋ ಮನಷ್ಯಾ ಇರಬೇಕ್ರಿ. ಇಲಿಗೆ ವರ್ಷಗಟ್ಟಲೆ ಊಟಾ ಹಾಕಿ ಹೋಗ್ಯಾನ."

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಮುಖವಲ್ಲ, ಆ ಎರಡು ಕಾಲು. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ತಮ್ಮ ಹೆಸರಿನ ಬೋರ್ಡನ್ನೂ ಬರೆಸದವರು. ಹುಕ್ಕೇರಿಯ ಅವರ ಅಂಗಡಿಯ ಮೇಲೆ 'ಇಲ್ಲಿ ರಿಪೇರಿ ಮಾಡಲಾಗುತ್ತದೆ' ಅಂತ ಇತ್ತೇ ಹೊರತು ಯಾರು, ಏನನ್ನು ಎಂಬುದಿರಲಿಲ್ಲ. ಕೇಳಿದರೆ, "ಕೆಟ್ಟಿದ್ದ ತರತಾರಲ್ರಿ, ಅವರಿಗೆ ಗೊತ್ತಿರತೈತಿ" ಅನ್ನುತ್ತಿದ್ದರು. ನಾವೆಲ್ಲ ಮಾಸ್ತರ ಅನ್ನುತ್ತಿದ್ದೆವು. ಅವರು ಯಾವ ಸಾಲಿಯಲ್ಲೂ ಕಲಿಸಿದವರಲ್ಲ. ಆದರೆ ಯಾವ ಕೆಲಸ ಮಾಡಿದರೂ ಬಾಜೂಕ್ಕೆ ನಿಂತವನಿಗೆ ಅದನ್ನು ತಿಳಿಸದೆ ಮುಂದೆ ಹೋಗುತ್ತಿರಲಿಲ್ಲ. ನಿಂತವನಿಗೆ ಬೇಕೋ ಬೇಡವೋ, ಅದು ಅವರಿಗೆ ಸಂಬಂಧವಿಲ್ಲ.

ಯಮಕನಮರಡಿ ಹತ್ತಿರದ ಒಂದು ಹಳ್ಳಿಯ ಕುರಿ ಸಾಕುವ ಮನೆತನ ಅವರದು. ಗೋಕಾಕದಲ್ಲಿ ಐಟಿಐ ಓದಿ, ಪುಣೆ ಕಡೆ ಹೋಗಿ ತೂಕದ ಯಂತ್ರ, ಕಂಪ್ಯೂಟರು ರಿಪೇರಿ ಮಾಡಿ, ನಡುವಯಸ್ಸಿನಲ್ಲಿ ವಾಪಸ್ ಬಂದವರು. ಯಾಕೆ ಬಂದಿರಿ ಅಂದರೆ, "ಅಲ್ಲಿ ಎಲ್ಲಾರೂ ಇಂಗ್ಲಿಷಿನ್ಯಾಗ ಬೈತಿದ್ರು, ಮನಸಿಗೆ ತಾಕತಿರಲಿಲ್ಲ" ಅಂದರು. ಮೋಟಾರ್ ಸೈಕಲ್ಲಿನ ಹಿಂದೆ ಒಂದು ತಗಡಿನ ಟ್ರಂಕು, ಸೀಟಿನ ಮೇಲೆ ನಾಲ್ಕು ಮಡಿಕೆ ಮಾಡಿದ ಕರೀ ಕಂಬಳಿ. ಯಾವ ಯಂತ್ರವನ್ನು ಬಿಚ್ಚಿದರೂ ಆ ಕಂಬಳಿ ಹಾಸಿ, ಅದರ ಮೇಲೆ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದರು. ಕಂಬಳಿಗೆ ಸಿಕ್ಕ ಸ್ಕ್ರೂ ಉರುಳುವುದಿಲ್ಲ. ಪುಣೆಯವರಿಗೆ ಇದು ಗೊತ್ತಿರಲಿಲ್ಲವಂತೆ.

ಅವರನ್ನು ನಮ್ಮ ಕಾರ್ಖಾನೆಗೆ ಕರೆಸಿದ ಕಾರಣ ಹೇಳಬೇಕು. ನಮ್ಮ ಭಾಗದಲ್ಲಿ ಕಬ್ಬು ತೂಗುವ ಸೇತುವೆಗೆ ಕಾಟಾ ಅನ್ನುತ್ತಾರೆ. ಗಾಡಿ ಕಬ್ಬಿಣದ ಹಲಗೆಯ ಮೇಲೆ ನಿಲ್ಲುತ್ತದೆ. ಖೋಲಿಯೊಳಗಿನ ಪೆಟ್ಟಿಗೆಯ ಮೇಲೆ ಕೆಂಪು ಅಂಕಿಯಲ್ಲಿ ತೂಕ ಮೂಡುತ್ತದೆ. ನಾನು ಆ ಕೆಂಪು ಅಂಕಿ ಓದಿ, ಮುಂದಿನ ಪರದೆಯಲ್ಲಿ ಹಸಿರು ಅಕ್ಷರದಲ್ಲಿ ಒತ್ತುತ್ತಿದ್ದೆ. ಅದು ತಂತಿಯ ಮೇಲೆ ಆಫೀಸಿನ ಸರ್ವರ್‌ಗೆ ಹೋಗಿ, ಚೀಟಿಯಾಗಿ ವಾಪಸ್ ಬರುತ್ತಿತ್ತು. ಕೆಂಪಿಗೂ ಹಸಿರಿಗೂ ನಡುವೆ ಇದ್ದ ಒಂದೇ ಸಂದು ನಾನು. ರೈತರ ಸಂಶಯವೂ ಅದೇ ಸಂದಿನೊಳಗೆ. 'ಕಾಟಾ ಹೊಡೀತಾರ', ಅಂದರೆ ತೂಕದಲ್ಲಿ ಮೋಸ ಮಾಡುತ್ತಾರೆ ಅನ್ನುವ ಮಾತು ಹುಟ್ಟಿದ ಕೂಸಿಗೂ ಗೊತ್ತು. ನನ್ನ ಮದುವೆಯಲ್ಲಿ ಬೀಗರು ಅಕ್ಕಿಕಾಳು ಹಾಕುವಾಗಲೂ ಒಬ್ಬ, "ನೋಡ್ರಿ, ತೂಕ ಮಾಡಿ ಹಾಕ್ರಿ" ಅಂದಿದ್ದ.

ಮೂಡಲಗಿ ಆಗಷ್ಟೇ ತಾಲೂಕು ಆಗಿತ್ತು. ಎಲ್ಲರಿಗೂ ಹೊಸದೇನಾದರೂ ಮಾಡುವ ಹುರುಪು. ನಮ್ಮ ಚೇರಮನ್ನರು ಸಭೆಯಲ್ಲಿ ಎದ್ದು, ಬರುವ ಹಂಗಾಮಿನಿಂದ ಮನುಷ್ಯರ ಕೈ ತಾಗದ ಕಾಟಾ ಮಾಡುತ್ತೇವೆ ಅಂತ ಸಾರಿಬಿಟ್ಟರು. ಚಪ್ಪಾಳೆ ಬಿತ್ತು. ಆ ಕೈ ನನ್ನದು. ನನಗೆ ಇನ್ನೂ ಹನ್ನೊಂದು ವರ್ಷ ನೌಕರಿ ಇತ್ತು, ಮಗಳ ಕಾಲೇಜು ಇತ್ತು. ಕೈ ತಾಗದ ಕಾಟಾದಲ್ಲಿ ಈ ಕೈಯವನು ಏನು ಮಾಡಬೇಕು ಅಂತ ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಸ್ಟೂಲಿನ ಮೇಲೆ ಕೂತು ಮೇಜಿನ ಕೆಳಗಿನ ಆ ಎರಡು ಕಾಲು ನೋಡಿದಾಗ ನನಗೆ ಪ್ರೀತಿ ಉಕ್ಕಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ.

ಮಾಸ್ತರರಿಗೂ ಈ ಕೆಲಸ ಸಣ್ಣದಾಗಿರಲಿಲ್ಲ. ಇದು ಸರಿಯಾದರೆ ಇನ್ನೆರಡು ಕಾರ್ಖಾನೆಗೆ ಶಿಫಾರಸು ಮಾಡುತ್ತೇನೆ ಅಂತ ಚೇರಮನ್ನರು ಮಾತು ಕೊಟ್ಟಿದ್ದರು.

ಮೊದಲ ತೊಡಕು ಸರ್ವರ್‌ದು. ಕಬ್ಬಿನ ಲೆಕ್ಕದ ಪ್ರೋಗ್ರಾಮು ನಾನು ಕೆಲಸಕ್ಕೆ ಸೇರುವ ಮೊದಲೇ ಯಾರೋ ಬರೆದದ್ದು. ಬರೆದವನು ಎಲ್ಲಿದ್ದಾನೋ ದೇವರೇ ಬಲ್ಲ. ಅದು ಕರೀ ಪರದೆ, ಹಸಿರು ಅಕ್ಷರದ ಹಳೇ ಟರ್ಮಿನಲ್‌ಗಳ ಜೊತೆ ಮಾತ್ರ ಮಾತಾಡುತ್ತಿತ್ತು. ಟರ್ಮಿನಲ್ ಅಂದರೆ ಒಂದು ಕೀಲಿಮಣೆ, ಒಂದು ಪರದೆ, ಅಷ್ಟೆ; ಬುದ್ಧಿಯೆಲ್ಲ ದೂರದ ಸರ್ವರ್‌ನೊಳಗೆ. ಅವು ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು. ಹೊಸ ಕಂಪ್ಯೂಟರು ತಂದರೆ ಸರ್ವರ್‌ಗೆ ಅವುಗಳ ಗುರುತು ಹತ್ತುತ್ತಿರಲಿಲ್ಲ.

ಆ ಸರ್ವರ್ ಇದ್ದ ಖೋಲಿಗೆ ನಾವು ಚಪ್ಪಲಿ ಹಾಕಿಕೊಂಡು ಹೋಗುತ್ತಿರಲಿಲ್ಲ. ಅದರ ಮೇಲೆ ವಿಭೂತಿ, ಕುಂಕುಮ, ಮೊನ್ನೆಯ ಹೂವು. ಬಂದ್ ಮಾಡಿದರೆ ಮತ್ತೆ ಏಳುತ್ತದೋ ಇಲ್ಲವೋ ಅಂತ ವರ್ಷಗಟ್ಟಲೆ ಯಾರೂ ಬಂದ್ ಮಾಡಿರಲಿಲ್ಲ. ಮಾಸ್ತರ ಚಪ್ಪಲಿ ಸಹಿತ ಒಳಗೆ ಹೋದರು.

"ಏ ಮಾಸ್ತರ, ಚಪ್ಪಲಿ!" ಅಂದರು ಅಕೌಂಟಂಟ್ ಕಾಕಾ.

"ಕಾಕಾ, ಇದು ದೇವರಲ್ಲ, ಡಬ್ಬಿ. ಕರೆಂಟ್ ಹೊಡದ್ರ ಚಪ್ಪಲಿನ ಕಾಯೂದು." ಅಂದವರು, ಗುಂಡಿ ಒತ್ತುವ ಮೊದಲು ನಿಂತು ಎರಡೂ ಕೈ ಮುಗಿದರು. ಕಾಕಾ ನಕ್ಕರು. ಮಾಸ್ತರ ನಗಲಿಲ್ಲ. "ಒಂದ ವ್ಯಾಳೆ ಏಳಲಿಲ್ಲಂದ್ರ? ನಾನೂ ಹೆಂಡ್ತಿ ಮಕ್ಕಳ ಇದ್ದಾಂವ."

ಅದು ಎದ್ದಿತು. ಆಮೇಲೆ ಹೊಸ ಕಂಪ್ಯೂಟರುಗಳೊಳಗೆ ಅವರು ಒಂದು ಪ್ರೋಗ್ರಾಮು ಹಾಕಿದರು. ಅದರ ಕೆಲಸ ಇಷ್ಟೇ: ಸರ್ವರ್ ಕೇಳಿದಾಗ 'ನಾನು ಹಳೇ ಟರ್ಮಿನಲ್ಲೇ' ಅಂತ ನಟಿಸುವುದು. "ಬಯಲಾಟದಾಗ ಗಂಡಸು ಮೀಸಿ ಬೋಳಿಸಿ, ಸೀರಿ ಉಟ್ಟು ರಾಣಿ ಸೋಗು ಹಾಕತಾನಲ್ರಿ? ಹಂಗ. ಮುಂದ ಕುಂತವರು ನಂಬಿದ್ರ ಆತು" ಅಂತ ನನಗೆ ತಿಳಿಸಿದರು.

ಮುಂದೆ ಕೂತ ಸರ್ವರ್ ನಂಬಿತು. ಚೇರಮನ್ನರು ಮಾತ್ರ ನಂಬಲಿಲ್ಲ. ಹೊಸ ಕಂಪ್ಯೂಟರು ನೋಡಲು ಬಂದವರು ಪರದೆಯ ಮುಂದೆ ಬಹಳ ಹೊತ್ತು ನಿಂತರು.

"ಅಲ್ರೀ, ಇಷ್ಟ ದೊಡ್ಡ ಪರದೆ ತಂದು ಅದರಾಗ ಅದ ಹಳೇ ಕರೀ ಹಲಗಿ ತೋರಸ್ತೀರೇನು?"

"ಸಾಹೇಬ್ರ, ಒಳಗ ಕುಂತ ಹಿರಿಯರಿಗೆ ಹಳೇ ಮಂದಿ ಗುರುತಷ್ಟ ಹತ್ತೈತ್ರಿ. ಹೊಸಾ ಅರಬಿ ಹಾಕ್ಕೊಂಡ ಹ್ವಾದ್ರ, ಯಾರಪಾ ನೀ ಅಂತಾರ."

"ಬಣ್ಣಾದ್ರೂ ಬದಲಿ ಮಾಡಾಕ ಬರತೈತೋ ಇಲ್ಲೋ?"

ಮಾಸ್ತರ ಚೇರಮನ್ನರ ಖೋಲಿಯ ಪರದೆಯ ಮೇಲೆ ಅಕ್ಷರವನ್ನು ಹಳದಿ ಮಾಡಿಕೊಟ್ಟರು. ಅದನ್ನೇ ಅವರು ಬಂದವರಿಗೆಲ್ಲ ಹೊಸ ತಂತ್ರಜ್ಞಾನ ಅಂತ ತೋರಿಸಿದರು. ಬಂದವರೂ ಹೌದು ಹೌದು ಅಂದರು.

ಎರಡನೆಯ ಕೆಲಸ ಕಾಟಾದ್ದು. ಹಳೆಯದರ ಜಾಗದಲ್ಲಿ ಆಗಷ್ಟೇ ತಂದಿಟ್ಟ ಕೆಂಪು ಅಂಕಿಯ ಹೊಸ ಪೆಟ್ಟಿಗೆಯ ಬೆನ್ನಿನಿಂದ ಒಂದು ತಂತಿ ಎಳೆದು, ಅದನ್ನು ಸರ್ವರ್‌ನ ತನಕ ಮುಟ್ಟಿಸುವುದು. ಈ ತಂತಿಗೆ ಸೀರಿಯಲ್ ಅನ್ನುತ್ತಾರೆ. ನನಗೆ ತಿಳಿಸದೆ ಬಿಡುತ್ತಾರೆಯೇ?

"ಸೀರಿಯಲ್ ಅಂದ್ರ ಕುರಿ ಹಟ್ಟಿ ಬಾಗಲ ನೋಡ್ರಿ. ನಮ್ಮಪ್ಪ ಮುಂಜಾನೆ ಬಾಗಲದಾಗ ನಿಂತು, ಒಂದ ಕುರಿ ಹಿಡಿಯೂವಷ್ಟ ಸಂದು ಮಾಡಿ, ಒಂದೊಂದ ಬಿಟ್ಟು ಎಣಿಸತಿದ್ದ. ಇಲ್ಲೂ ಅಷ್ಟ. ಇಡೀ ತೂಕ ಒಮ್ಮೆಲೆ ಬರಂಗಿಲ್ಲ. ಒಂದೊಂದ ಅಂಕಿ, ಒಂದರ ಹಿಂದ ಒಂದು. ಈ ಕಡೆ ಬಿಡಾವಾ, ಆ ಕಡೆ ಎಣಸಾವಾ, ಇಬ್ಬರೂ ಒಂದ ವೇಗದಾಗ ಇರಬೇಕು. ಇಲ್ಲಂದ್ರ ಕುರಿ ಇದ್ದದ್ದ ಬ್ಯಾರೆ, ಲೆಕ್ಕ ಬಂದದ್ದ ಬ್ಯಾರೆ."

ಯಾವ ತಂತಿಯನ್ನೂ ಅವರು ನಂಬುತ್ತಿರಲಿಲ್ಲ. ಮೊದಲು ಅಂಗಿ ಜೇಬಿನಿಂದ ಹೆಂಡತಿಯ ತಲೆಪಿನ್ನು ತೆಗೆದು, ತಂತಿಯ ಆ ತುದಿಯಲ್ಲಿ ಎರಡು ಮೊಳೆಗಳಿಗೆ ಸಿಕ್ಕಿಸುತ್ತಿದ್ದರು. ಹಾಗೆ ಮಾಡಿದರೆ ಈ ಕಡೆಯಿಂದ ಕಳಿಸಿದ್ದು ಆ ಕಡೆ ಮುಟ್ಟಿ ನಮಗೇ ವಾಪಸ್ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ 'ಬರ್ರಿ' ಅಂತ ಒತ್ತುತ್ತಿದ್ದರು. ಪರದೆಯ ಮೇಲೆ 'ಬರ್ರಿ' ಅಂತ ವಾಪಸ್ ಬಂದರೆ, "ನೋಡ್ರಿ, ಕರದ್ರ ಅದೂ ಕರೀತೈತಿ. ಮರ್ಯಾದಿಯವರ ಮನಿ ತಂತಿ" ಅನ್ನುತ್ತಿದ್ದರು. ವೇಗ ತಪ್ಪಿ ಪರದೆಯ ತುಂಬ ಚುಕ್ಕಿ, ಗೆರೆ, ಅರ್ಥವಿಲ್ಲದ ಅಕ್ಷರ ಬಂದರೆ, "ಇದು ಕುಡದ ಬಂದೈತಿ, ನಾಳೆ ಮಾತಾಡೂಣು." ಮನೆಯಲ್ಲಿ ಅವರ ಹೆಂಡತಿ ತಲೆಪಿನ್ನಿನ ಲೆಕ್ಕ ಇಡುವುದನ್ನು ಬಿಟ್ಟು ವರ್ಷಗಳಾಗಿದ್ದವಂತೆ.

ತಂತಿ ಸರಿಯಾಯಿತು. ಇನ್ನು ತೂಗಿ ನೋಡಬೇಕಲ್ಲ? ಹಂಗಾಮು ಶುರುವಾಗಿರಲಿಲ್ಲ, ಯಾರ್ಡಿನಲ್ಲಿ ಒಂದು ಟ್ರಾಲಿ ಇರಲಿಲ್ಲ. ಮಾಸ್ತರ ಒಂದು ತುಂಬಿದ ಲಾರಿ ಬೇಕು ಅಂದರು. ಮ್ಯಾನೇಜರ್ ಸಾಹೇಬರು, "ಜೀಪ ಐತಲ್ರಿ" ಅಂದರು.

ಜೀಪನ್ನು ಕಾಟಾದ ಮೇಲೆ ತಂದರು. ಡ್ರೈವರ್ ಸಮೇತ ಒಂದು ಸಾವಿರದ ಆರುನೂರ ಹತ್ತು ಕಿಲೋ. ನಮ್ಮ ಪೆಟ್ಟಿಗೆ ಯಾವಾಗಲೂ ಐದು ಅಂಕಿ ಕಳಿಸುತ್ತದೆ, ಹಾಗಾಗಿ 01610. ಹಸಿರಿನಲ್ಲೂ 01610. ಜೀಪು ಇಳಿಸಿದರು, ಕೆಂಪು 00000, ಹಸಿರು 00000. ಹತ್ತಿಸಿದರು, ಇಳಿಸಿದರು. ಮೂರು ದಿನದಲ್ಲಿ ನಲವತ್ತು ಸಲವಾದರೂ ಆಗಿರಬೇಕು. ಒಂದು ಸಲವೂ ತಪ್ಪಲಿಲ್ಲ.

"ತಮ್ಮಾ, ಒಂದೀಟ ಕೆಳಗ ಇಳಿ. ಬರೇ ಜೀಪ ತೂಗಿ ನೋಡತೇನಿ" ಅಂತ ಮಾಸ್ತರ ಒಮ್ಮೆ ಅಂದದ್ದು ನನಗೆ ಚೆನ್ನಾಗಿ ನೆನಪಿದೆ.

ಡ್ರೈವರ್ ಕಿವಿಯಿಂದ ಫೋನು ತೆಗೆಯದೆ, "ನಾ ಇದ್ದಾಂವ ಇದ್ದಂಗ ತೂಗ್ರಿ. ಚೇರಮನ್ನರ ಗಾಡಿ ಬಿಟ್ಟ ಇಳಿಯಂಗಿಲ್ಲ, ಆರ್ಡರ್ ಐತಿ" ಅಂದ. ಮಾಸ್ತರ ನಕ್ಕು ಹಾಗೇ ತೂಗಿದರು. ಆ ಮನುಷ್ಯ ಅವತ್ತು ಇಳಿದಿದ್ದರೆ, ನಾನು ಈ ಲೇಖನ ಬರೆಯುತ್ತಲೇ ಇರಲಿಲ್ಲ.

ಹಂಗಾಮಿನ ಮೊದಲ ದಿನ. ಕಾಟಾಕ್ಕೆ ಬಾಳೆಕಂಬ, ಮಾವಿನ ತೋರಣ. ಚೇರಮನ್ನರು ಕಾಯಿ ಒಡೆದರು. ಸಂಪ್ರದಾಯದ ಪ್ರಕಾರ ಮೊದಲು ಎತ್ತಿನ ಗಾಡಿ. ಅರಭಾವಿ ಕಡೆಯ ಒಬ್ಬ ಮುದುಕಪ್ಪನದು. ಕೋಡಿಗೆ ಬಣ್ಣ, ಕಬ್ಬಿಗೆ ಮಾಲೆ. ಖೋಲಿಯೊಳಗೆ ಜನವೋ ಜನ, ಎಲ್ಲರ ಕಣ್ಣು ಹೊಸ ಪರದೆಯ ಮೇಲೆ. ನಾನು ಸ್ಟೂಲಿನ ಮೇಲೆ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು. ಹಾಗೇ ಇಡಬೇಕು ಅಂತ ಮ್ಯಾನೇಜರ್ ಸಾಹೇಬರ ಹುಕುಮು. ಫೋಟೋದವರಿಗೆ ಕೈ ತಾಗಿಲ್ಲ ಅಂತ ಕಾಣಬೇಕಲ್ಲ.

ಗಾಡಿ ನಿಂತಿತು. ಹಸಿರಿನಲ್ಲಿ ತೂಕ ತಾನಾಗಿ ಮೂಡಿತು: 09230. ಒಂಬತ್ತು ಸಾವಿರದ ಇನ್ನೂರ ಮೂವತ್ತು ಕಿಲೋ. ಚಪ್ಪಾಳೆ.

ನನ್ನ ಕಣ್ಣಿಗೆ ಇಪ್ಪತ್ತೆರಡು ವರ್ಷದ ರೂಢಿ. ಅದು ತಾನಾಗಿ ಕೆಂಪಿನ ಕಡೆ ಹೋಯಿತು. ಅಲ್ಲಿ ಇದ್ದದ್ದು 03290.

ನೋಡಿದೆ. ಬಾಯಿ ಬಿಡಲಿಲ್ಲ. ಇಷ್ಟು ವರ್ಷವಾದರೂ ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ. ತಪ್ಪಲಿ, ಇದು ತಪ್ಪಲಿ, ಎಲ್ಲರ ಮುಂದೆಯೇ ತಪ್ಪಲಿ, ಆಗ ಮತ್ತೆ ನನ್ನ ಕೈ ಬೇಕಾಗುತ್ತದೆ. ಇದು ಆಗ ನನ್ನೊಳಗೆ ಓಡಿದ ಮಾತು. ಚಪ್ಪಾಳೆ ಹೊಡೆಯುವವರ ಜೊತೆ ನಾನೂ ಎರಡು ಹೊಡೆದೆ.

ಮುದುಕಪ್ಪ ಚೀಟಿ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದ. ದೂರ ಹಿಡಿದ. ಎತ್ತುಗಳ ಕಡೆ ನೋಡಿದ.

"ಯಪ್ಪಾ, ಇದರಾಗ ಒಂಬತ್ತ ಟನ್ ಬಂದೈತಲ್ರಿ?"

"ಹೌದಜ್ಜ. ಇನ್ನ ಮ್ಯಾಲ ಮೋಸ ಇಲ್ಲ" ಅಂದರು ಚೇರಮನ್ನರು, ಕ್ಯಾಮೆರಾದ ಕಡೆ ತಿರುಗಿ.

"ಅಲ್ರೀ, ಎತ್ತ, ಗಾಡಿ, ಕಬ್ಬ, ನಾನು, ನನ್ನ ಹೆಣ್ತಿ ಎಲ್ಲಾ ಸೇರಿಸಿ ತೂಗಿದ್ರೂ ನಾಕ ದಾಟಂಗಿಲ್ರಿ!"

ಹಿಂದಿನಿಂದ ಯಾರೋ ಕೂಗಿದರು. "ಅಜ್ಜಾ, ಸುಮ್ಮ ಕಿಸೆದಾಗ ಇಟಗೊಂಡ ನಡಿ! ಇಷ್ಟ ವರ್ಷ ಅವರು ಇಟಗೊಂಡಿದ್ದ ಬಡ್ಡಿ ಸಮೇತ ಬಂದೈತಿ!"

ಎಲ್ಲರೂ ನಕ್ಕರು. ಚೇರಮನ್ನರು, "ಅಜ್ಜ, ಕಂಪ್ಯೂಟರ್ ತಪ್ಪಂಗಿಲ್ಲ. ನಿಮ್ಮ ಕಬ್ಬು ರಸಾ ಭಾಳ ತುಂಬಕೊಂಡೈತಿ" ಅಂದು, ಮುಂದಿನ ಗಾಡಿ ಬಿಡಲು ಕೈ ಮಾಡಿದರು.

ಮುಂದಿನದು ಟ್ರ್ಯಾಕ್ಟರು, ಹಿಂದೆ ತುಂಬಿದ ಟ್ರಾಲಿ. ಹಸಿರಿನಲ್ಲಿ 05481. ಎತ್ತಿನ ಗಾಡಿ ಒಂಬತ್ತು ಟನ್ನು, ಟ್ರ್ಯಾಕ್ಟರು ಐದೂವರೆ. ಟ್ರ್ಯಾಕ್ಟರಿನ ಒಡೆಯ ಕಿಟಕಿಯೊಳಗೆ ಅರ್ಧ ಬಂದುಬಿಟ್ಟ. "ಏ, ಕಾಟಾ ಹೊಡ್ಯಾಕ ಒಂದ ಮಿತಿ ಐತೋ ಇಲ್ಲೋ? ಕಬ್ಬ ತಂದೀನೋ ಹತ್ತಿ ತಂದೀನೋ?" ಯಾರ್ಡಿನಲ್ಲಿ ಗದ್ದಲ ಎದ್ದಿತು.

ಮ್ಯಾನೇಜರ್ ಸಾಹೇಬರು ತಟ್ಟನೆ ನನ್ನ ಹೆಗಲಿನ ಮೇಲೆ ಕೈಯಿಟ್ಟರು. "ಸಮಾಧಾನ, ಸಮಾಧಾನ! ಇವರ ಬೆರಳ ಎಲ್ಲೋ ತಾಕೈತಿ. ಹಳೇ ರೂಢಿ. ಇವರನ್ನ ಇಲ್ಲಿಂದ ತಗದ ಬಿಡತೇವಿ."

ಆಗ ನನಗೆ ಕೆಂಪಿನ ವಿಷಯ ಹೇಳಬೇಕು ಅನಿಸಿತು. ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಅನ್ನುತ್ತಾರೆ. ಕೈಗಳನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತೆ.

ಮಾಸ್ತರ ಅಷ್ಟು ಹೊತ್ತು ಮೂಲೆಯಲ್ಲಿ ನಿಂತಿದ್ದರು. ಈಗ ಜನರನ್ನು ಸರಿಸಿ ಮುಂದೆ ಬಂದು, ಪರದೆಯ ಕೊನೆಯ ಅಂಕಿಯ ಮೇಲೆ ಬೆರಳಿಟ್ಟರು. "ಇಲ್ಲೆ ಒಂದು ಹೆಂಗ ಬಂತು?" ಅಂತ ತಮ್ಮಷ್ಟಕ್ಕೆ ಕೇಳಿಕೊಂಡರು. ನಮ್ಮ ಕಾಟಾ ಹತ್ತು ಕಿಲೋದ ಲೆಕ್ಕದಲ್ಲಿ ತೂಗುತ್ತದೆ. ಕೊನೆಗೆ ಯಾವಾಗಲೂ ಸೊನ್ನೆಯೇ. ಆಮೇಲೆ ಕೆಂಪಿನ ಕಡೆ ತಿರುಗಿದರು. 18450. ಹಸಿರು ಅಂಕಿಗಳನ್ನು ಬೆರಳಿನಿಂದ ಒಂದೊಂದಾಗಿ, ಹಿಂದಿನಿಂದ ಮುಂದಕ್ಕೆ ಮುಟ್ಟಿ ಓದಿದರು. ಆಮೇಲೆ ಕಿಟಕಿಯ ಹತ್ತಿರ ಹೋಗಿ, ಇಡೀ ಯಾರ್ಡಿಗೆ ಕೇಳುವ ಹಾಗೆ ಹೇಳಿದರು:

"ಕೇಳ್ರಿ! ಕಾಟಾ ಖರೆ ಹೇಳೈತಿ. ನಾ ಉಲ್ಟಾ ಓದೀನಿ. ತಪ್ಪು ನಂದು. ಈ ಕಾಟಾ ಖೋಲಿಯವರ ಕೈ ತೊಡಿ ಮ್ಯಾಲ ಇತ್ತು, ಇವರಿಗೆ ಸಂಬಂಧಿಲ್ಲ. ಸ್ವಲ್ಪ ಟೈಮ್ ಕೊಡ್ರಿ."

ಮ್ಯಾನೇಜರ್ ಸಾಹೇಬರು ಹಲ್ಲು ಕಚ್ಚಿ, "ಏ ಮಾರಾಯಾ, ಮಷಿನ್ ತಪ್ಪು ಅನ್ರಿ, ಕಂಪನಿ ತಪ್ಪು ಅನ್ರಿ. ಎಲ್ಲಾರ ಮುಂದ ನಂದಂತ ಯಾಕಂತೀರಿ?" ಅಂದರು.

"ಮಷಿನ್‌ಗೆ ಬಾಯಿಲ್ರಿ, ಹೊಳ್ಳಿ ಮಾತಾಡಂಗಿಲ್ಲ. ಅದಕ್ಕ."

ಆಗಿದ್ದು ಇಷ್ಟು. ಹಳೇ ಪೆಟ್ಟಿಗೆ ದೊಡ್ಡ ಅಂಕಿಯಿಂದ ಶುರುಮಾಡಿ ಕಳಿಸುತ್ತಿತ್ತು. ಹದಿನೈದು ದಿನದ ಹಿಂದೆ ತಂದ ಹೊಸ ಪೆಟ್ಟಿಗೆ ಸಣ್ಣ ಅಂಕಿಯಿಂದ ಶುರುಮಾಡುತ್ತದೆ. ನೋಡಿದರೆ ಎರಡೂ ಒಂದೇ. "ನಮ್ಮಪ್ಪನ ಹಟ್ಟಿಯೊಳಗ ಟಗರು ಮೊದಲ ಬರತಿತ್ತು, ಮರಿ ಹಿಂದ. ಈ ಪೆಟಗಿಯಾಗ ಮರಿ ಮೊದಲ ಬಿಡತಾರ. ನಾ ಮರಿನ ಟಗರಂತ ತಿಳದು ಎಣಿಸೀನಿ" ಅಂದರು ಮಾಸ್ತರ, ಕೆಲಸ ಮಾಡುತ್ತಲೇ. 01610ನ್ನು ಯಾವ ಕಡೆಯಿಂದ ಓದಿದರೂ 01610. ಸೊನ್ನೆಯನ್ನು ಹೇಗೆ ಓದಿದರೂ ಸೊನ್ನೆ. ಮೂರು ದಿನ, ನಲವತ್ತು ಸಲ, ನಾವು ಈ ಎರಡನ್ನೇ ತೂಗಿದ್ದೆವು.

ಸರಿಮಾಡಲು ಐದು ನಿಮಿಷ ಹಿಡಿಯಿತು. ಚೇರಮನ್ನರು ಇನ್ನೊಂದು ಕಾಯಿ ತರಿಸಿ, ಮೊದಲಿನದನ್ನು ಯಾರೂ ನೋಡಿಯೇ ಇಲ್ಲವೆನ್ನುವ ಹಾಗೆ ಮತ್ತೆ ಉದ್ಘಾಟನೆ ಮಾಡಿದರು. ಎತ್ತಿನ ಗಾಡಿ ತಿರುಗಿಸಿ ತಂದರು. ಮೂರು ಸಾವಿರದ ಇನ್ನೂರ ತೊಂಬತ್ತು. ಮುದುಕಪ್ಪ, "ಈಗ ಆತ ನೋಡ್ರಿ ಖರೆ ಲೆಕ್ಕ. ಆದ್ರ ಆ ಮೊದಲನೇ ಚೀಟಿ ಹೊಳ್ಳಿ ಕೊಡಂಗಿಲ್ಲ. ಇಷ್ಟ ವರ್ಷದಾಗ ಕಾಟಾದಾಗ ಜಾಸ್ತಿ ಬಂದದ್ದ ಇದ ಮೊದಲ. ಮನ್ಯಾಗ ತೋರಸ್ತೇನಿ" ಅಂದು ಅದನ್ನು ರುಮಾಲಿನೊಳಗೆ ಸಿಕ್ಕಿಸಿಕೊಂಡ.

ಮಧ್ಯಾಹ್ನ ಜನ ಚದುರಿದ ಮೇಲೆ ಮಾಸ್ತರ ಖೋಲಿಯ ನೆಲದ ಮೇಲೆ ಕಂಬಳಿ ಹಾಸಿ, ರೊಟ್ಟಿಗಂಟು ಬಿಚ್ಚಿದರು. ಅರ್ಧ ರೊಟ್ಟಿ, ಅಗಸಿ ಹಿಂಡಿ ನನ್ನ ಕಡೆ ಸರಿಸಿದರು. ತಾವೂ ಒಂದು ತುತ್ತು ಮುರಿದು, ನನ್ನ ಕಡೆ ನೋಡದೆ ಕೇಳಿದರು.

"ಮೊದಲನೇ ಗಾಡಿಗೇ ಕೆಂಪ ಅಂಕಿ ನೋಡಿದ್ರಿ, ಹೌದಲ್ರೀ?"

ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. "ಹೌದ್ರಿ."

"ನಿಮ್ಮ ಕಣ್ಣ ಹೋಗಿದ್ದ ನೋಡೀನಿ. ನನ್ನ ಕಣ್ಣ ನಿಮ್ಮ ಮ್ಯಾಲ ಇತ್ತು, ಪೆಟಗಿ ಮ್ಯಾಲ ಇರಬೇಕಾಗಿತ್ತು. ಅದೂ ನನ್ನ ತಪ್ಪ."

ನಾನು ಎಲ್ಲ ಹೇಳಿಬಿಟ್ಟೆ. ಸ್ಟೂಲು, ಹನ್ನೊಂದು ವರ್ಷ, ಮಗಳು, ನಾನು ಹೊಡೆದ ಎರಡು ಚಪ್ಪಾಳೆ. ಅವರು ಬೈಯಲಿಲ್ಲ. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ.

"ಅಂಕಿ ಮುಟ್ಟಸಾಕ ತಂತಿ ಐತಿ. ನೋಡಿದ್ದನ್ನ ಹೇಳಾಕ ಇನ್ನೂ ಯಾವ ತಂತಿ ಬಂದಿಲ್ರಿ. ನೀವು ಇಲ್ಲೇ ಇರಬೇಕು" ಅಂದರು.

ಕೈ ತೊಳೆದುಕೊಂಡು ಬಂದು ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: 'ಚೀಟಿ ಕೊಡುವ ಮೊದಲು ಕೆಂಪು ಅಂಕಿ, ಹಸಿರು ಅಂಕಿ ಎರಡನ್ನೂ ಗಾಡಿಯವರಿಗೆ ಕೇಳುವಂತೆ ಓದತಕ್ಕದ್ದು.' ಅದನ್ನು ಚೇರಮನ್ನರ ಕಡೆ ಒಯ್ದು, ಈ ಓದುವ ಪದ್ಧತಿ ಇಲ್ಲದಿದ್ದರೆ ಕೆಲಸ ಮುಗಿಯಿತು ಅಂತ ಸಹಿ ಮಾಡುವುದಿಲ್ಲ ಅಂದರಂತೆ. ಗದ್ದಲ ನೋಡಿದ್ದ ಚೇರಮನ್ನರು ಮರುಮಾತಿಲ್ಲದೆ ರುಜು ಹಾಕಿದರು. ಹೀಗೆ ನನ್ನನ್ನು ತೆಗೆಯಲು ಬಂದ ಯಂತ್ರದ ಬಾಯಾಗಿ ನಾನು ಅದೇ ಸ್ಟೂಲಿನ ಮೇಲೆ ಉಳಿದೆ.

ಅವರಿಗೆ ಮಾತ್ರ ಇನ್ನೆರಡು ಕಾರ್ಖಾನೆಯ ಕೆಲಸ ಸಿಗಲಿಲ್ಲ. ಉದ್ಘಾಟನೆಯ ದಿನ ಕಿಟಕಿಯಲ್ಲಿ ನಿಂತು 'ತಪ್ಪು ನಂದು' ಅಂದ ಮನುಷ್ಯ ಅಂತ ಅವರ ಹೆಸರು ಅವರಿಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. ಹುಕ್ಕೇರಿಯ ಅಂಗಡಿಗೆ ಹೋಗಿ ನಾನು ಮರುಗಿದೆ. "ತಪ್ಪು ಒಪ್ಪಿಕೊಂಡವರಿಗೆ ಟೆಂಡರ್ ಕೊಡೂ ಪದ್ಧತಿ ಇನ್ನೂ ಬಂದಿಲ್ರಿ. ಬಂದ್ರ ಭಾಳ ಮಂದಿ ಅರ್ಜಿ ಹಾಕತಾರ, ಅವಾಗೂ ನನಗ ಸಿಗಂಗಿಲ್ಲ" ಅಂದು ಚಾ ತರಿಸಿದರು.

ತಮಾಷೆಯೆಂದರೆ, ಆ ಹಂಗಾಮಿನಲ್ಲಿ ನಮ್ಮ ಕಾಟಾದ ಮೇಲೆ ಜಗಳ ಬಹಳ ಕಡಿಮೆಯಾದವು. ಯಾಕೆ ಅಂತ ಒಬ್ಬ ಟ್ರ್ಯಾಕ್ಟರಿನವನನ್ನು ಕೇಳಿದೆ. "ಬ್ಯಾರೆ ಕಡೆ ಎಂದೂ ತಪ್ಪ ಆಗೂದ ಇಲ್ಲಂತಾರ್ರಿ. ಇಲ್ಲಿ ಆಗೈತಿ ಅಂತ ಹೇಳ್ಯಾರ. ಅದಕ್ಕ" ಅಂದ. ಕೈ ತಾಗದ ಕಾಟಾ ಅಂತ ಸಾರಿದ ಚೇರಮನ್ನರು ಮಾತ್ರ ಇದನ್ನು ಎಲ್ಲಿಯೂ ಭಾಷಣದಲ್ಲಿ ಹೇಳಲಿಲ್ಲ.

ವರ್ಷಕ್ಕೆ ಒಂದೆರಡು ಸಲ ಅವರು ಬರುತ್ತಿದ್ದರು. ತಂತಿ ನೋಡುವ ನೆಪ. ಬಂದಾಗೆಲ್ಲ ಖೋಲಿಯ ಹೊರಗೆ ನಿಂತು ನಾನು ಓದುವುದನ್ನು ಕೇಳಿಸಿಕೊಂಡು, "ದನಿ ಒಂದೀಟ ಸಣ್ಣ ಆಗೈತಿ, ಬೆಲ್ಲ ತಿನ್ರಿ" ಅಂತಲೋ ಏನಾದರೂ ಅಂದು ಹೋಗುತ್ತಿದ್ದರು. ಕೊನೆಯ ಸಲ ಬಂದಾಗ ಅವರ ದನಿಯೇ ಸಣ್ಣದಾಗಿತ್ತು. ಎದೆಯ ಬೇನೆ ಅಂತ ಆಮೇಲೆ ತಿಳಿಯಿತು. ಮಣ್ಣಿಗೆ ಹೋದಾಗ ಅವರ ಮನೆಯ ಮುಂದೆ ಬಂದಿದ್ದ ಜನರನ್ನು ನೋಡಿದೆ. ಅರ್ಧಕ್ಕರ್ಧ ಜನ ಏನೋ ಒಂದು ಕೆಟ್ಟಿದ್ದನ್ನು ಅವರ ಅಂಗಡಿಯಲ್ಲಿ ಬಿಟ್ಟು ಬಂದವರೇ. ಅದನ್ನು ಹೇಗೆ ಕೇಳುವುದು ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಆಮೇಲಿನ ಹಂಗಾಮಿನಲ್ಲಿ, ಒಂದು ಗುರುವಾರ ಮಧ್ಯಾಹ್ನ, ಒಂದು ಟ್ರಾಲಿ ಕಾಟಾದ ಮೇಲೆ ಬಂದು ನಿಂತಿತು. ಕೆಂಪು ಅಂಕಿ ಹದಿನೇಳು ಸಾವಿರದ ಎಂಟುನೂರ ಐವತ್ತು. ಹಸಿರು ಅಂಕಿ ಹದಿನೇಳು ಸಾವಿರದ ಏಳುನೂರು. ಉಲ್ಟಾ ಏನೂ ಅಲ್ಲ, ಸರಳವಾಗಿ ನೂರೈವತ್ತು ಕಿಲೋ ಕಡಿಮೆ. ಹಿಂದಿನ ದಿನ ಪ್ರೋಗ್ರಾಮಿಗೆ ಏನೋ ಅಪ್‌ಡೇಟ್ ಆಗಿತ್ತಂತೆ. ಏನು ಅಂತ ಇವತ್ತಿಗೂ ಯಾರೂ ಹೇಳಿಲ್ಲ. ಮ್ಯಾನೇಜರ್ ಸಾಹೇಬರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

"ಪಾಳಿ ಭಾಳ ಐತಿ. ಹಸರದ್ದ ಒಂದ ಓದ್ರಿ, ಸಾಕು" ಅಂದರು.

ನಾನು ಕಿಟಕಿಯ ಹೊರಗೆ ಮುಖ ಹಾಕಿ ಎರಡನ್ನೂ ಓದಿದೆ. ಟ್ರಾಲಿಯವನು ಎಂಜಿನ್ ಬಂದ್ ಮಾಡಿದ. ಅವನ ಹಿಂದಿನವನೂ ಬಂದ್ ಮಾಡಿದ. ಸಂಜೆಯ ತನಕ ಕಾಟಾ ನಿಂತಿತ್ತು. ಶುಕ್ರವಾರ ಮುಂಜಾನೆ ಎರಡೂ ಅಂಕಿ ಒಂದೇ ಆಗಿದ್ದವು. ಸೋಮವಾರ ನನ್ನನ್ನು ಗೋಕಾಕದ ಕಚೇರಿಗೆ, ಟಪಾಲು ವಿಭಾಗಕ್ಕೆ ವರ್ಗ ಮಾಡಿದರು.